ಓದುಗರ ಪ್ರಶ್ನೆ: ಓಟಿನ ಹಕ್ಕು ಕೇಳದೇ ಬಂತಲ್ಲ, ಕೌದಿ ಮ್ಯಾಲೆ ಏನಂತ ಹೊಲಿಯೋದು?

"ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸ್ವಸಹಾಯ ಸಂಘ. ಮೂವತ್ತು ಮಂದಿ ಅದೀವಿ. ಹೆಣ್ಣುಮಕ್ಕಳ ಮತದಾನದ ಹಕ್ಕಿನ ಮ್ಯಾಲೆ ಎಲ್ಲಾರೂ ಕೂಡಿ ಒಂದು ಕೌದಿ ಹೊಲೀಬೇಕಂತ ಮಾಡೀವಿ. ಆದ್ರ ಸಾಲಿ ಮಾಸ್ತರು 'ನಮ್ಮ ದೇಶದಾಗ ಹೆಂಗಸರು ಓಟಿಗೆ ಹೋರಾಟ ಮಾಡೇ ಇಲ್ಲ, ಸಂವಿಧಾನದ ಕೂಡ ತಾನಾಗೇ ಬಂತು' ಅಂದ್ರು. ಹಂಗಾದ್ರ ಕೌದಿ ಮ್ಯಾಲೆ ಏನಂತ ಹೊಲಿಯೋದ್ರಿ?"

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ನಮಗೆ ಬರುತ್ತಲೇ ಇರುತ್ತದೆ. ಮಾಸ್ತರ ಮಾತು ಅರ್ಧ ಖರೆ. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ 21 ತುಂಬಿದ ಗಂಡಿಗೂ ಹೆಣ್ಣಿಗೂ ಒಂದೇ ಏಟಿಗೆ ಮತ ಸಿಕ್ಕಿತು. (ಅದು 18ಕ್ಕೆ ಇಳಿದದ್ದು 1989ರಲ್ಲಿ.) ಸ್ವಿಟ್ಜರ್ಲೆಂಡಿನ ಹೆಂಗಸರು ರಾಷ್ಟ್ರಮಟ್ಟದ ಮತಕ್ಕೆ 1971ರವರೆಗೆ ಕಾಯಬೇಕಾಯಿತು. ಅದರ ಮುಂದೆ ನಮ್ಮದು ಪುಕ್ಕಟೆ ಬಂದ ಹಾಗೆ ಕಾಣುವುದು ಸಹಜ.

ಆದರೆ ಕೇಳುವುದು ಶುರುವಾಗಿ ಅಷ್ಟೊತ್ತಿಗೆ ಮೂವತ್ತು ವರ್ಷ ದಾಟಿತ್ತು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹೆಂಗಸರ ನಿಯೋಗವೊಂದು ಮದ್ರಾಸಿನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗುವನ್ನು ಕಂಡು ಮತ ಕೇಳಿತು. ಮುಂದೆ ಬಂದ ಸಮಿತಿ ಆಗುವುದಿಲ್ಲ ಅಂದಿತು. 1919ರ ಕಾಯ್ದೆ ಆ ಗೊಡವೆಯನ್ನು ಪ್ರಾಂತಗಳ ತಲೆಗೆ ಕಟ್ಟಿತು. ಮದ್ರಾಸು, ಮುಂಬಯಿ ಎರಡೂ 1921ರಲ್ಲಿ ಒಪ್ಪಿದವು. ಆಗ ಗದಗ, ಹಾವೇರಿ, ಹುಬ್ಬಳ್ಳಿ ಎಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗೇ ಇದ್ದವು. ಹಾಗಾಗಿ ಕಾಗದದ ಮೇಲೆ ನಿಮ್ಮ ಮುತ್ತಜ್ಜಿಗೆ ಹಕ್ಕು ಬಂದದ್ದು 1921ರಲ್ಲಿ. ಕಾಗದದ ಮೇಲೆ ಮಾತ್ರ, ಏಕೆಂದರೆ ಮತ ಬೇಕಾದರೆ ಆಸ್ತಿ ಇರಬೇಕು, ಕಂದಾಯ ಕಟ್ಟಿರಬೇಕು. ಯಾವ ಹೆಂಗಸಿನ ಹೆಸರಿಗೆ ಹೊಲ ಇತ್ತು?

1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕಟ್ಟಿ ತಂದರು. ಮನೆ ಹೊಸ್ತಿಲು ದಾಟಿ ಅಷ್ಟು ದೊಡ್ಡ ಜಾತ್ರೆಯನ್ನು ನಿಭಾಯಿಸಿದ ಅವರಲ್ಲಿ ಬಹುತೇಕರಿಗೆ ಓಟಿರಲಿಲ್ಲ ಎಂದು ಲೆಕ್ಕ ಹಾಕಲು ಪಂಡಿತರೇನೂ ಬೇಕಿಲ್ಲ.

ಇನ್ನೊಬ್ಬರ ಹೆಸರು ನಿಮ್ಮ ಕೌದಿಗೆ ಎರಡು ರೀತಿಯಿಂದ ಸಲ್ಲುತ್ತದೆ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತರು. ಅದೇ ಕಮಲಾದೇವಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಕೈಕಸುಬಿಗೆ ಬೆನ್ನು ಕೊಟ್ಟವರು. ಸೂಜಿಯೂ ಓಟೂ ಬೇರೆ ಬೇರೆ ಲೋಕದವು ಎನ್ನುವವರಿಗೆ ಇಷ್ಟು ಹೇಳಿ ಸುಮ್ಮನಾಗಬಹುದು.

1935ರ ಕಾಯ್ದೆ ಬಾಗಿಲು ಸ್ವಲ್ಪ ಅಗಲ ಮಾಡಿತು. ಓದು ಬರುವವಳಿಗೆ ಮತ, ಮತದಾರನ ಹೆಂಡತಿಗೆ ಮತ. ಎರಡನೆಯದನ್ನು ಮಹಿಳಾ ಸಂಘಟನೆಗಳು ಬೇಡ ಅಂದಿದ್ದವು. ಗಂಡನ ಆಸ್ತಿಯ ಕೊಂಡಿಗೆ ತಗುಲಿಕೊಂಡ ಓಟು ಯಾಕೆ, ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ ಎಂಬುದು ಅವರ ವಾದ.

ನಿಮ್ಮ ಕೌದಿಗೆ ಬೇಕಾದ ಕತೆ ನಿಜವಾಗಿ ಶುರುವಾಗುವುದು ಹಕ್ಕು ಸಿಕ್ಕ ಮೇಲೆ. 1951–52ರ ಮೊದಲ ಚುನಾವಣೆಗೆ ಮತದಾರರ ಪಟ್ಟಿ ಬರೆಯಲು ಹೋದವರಿಗೆ ಲಕ್ಷಗಟ್ಟಲೆ ಹೆಂಗಸರು ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ, ಅಷ್ಟೇ. ಹಾಗೆ ಬರೆದರೆ ನಡೆಯುವುದಿಲ್ಲ, ಸ್ವಂತ ಹೆಸರೇ ಬೇಕು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಸಮಯ ಕೊಟ್ಟರೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಬಿದ್ದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಸೇನ್ ಮಾಡಿದ್ದು ಆಗ ಕಠೋರ ಅನ್ನಿಸಿರಬೇಕು. ನನಗಂತೂ ಸರಿ ಅನ್ನಿಸುತ್ತದೆ.

ಅದು ಬಡಗಣ ದೇಶದ ಸುದ್ದಿ ಎಂದು ನಾವು ನಗುವ ಹಾಗಿಲ್ಲ. ನಮ್ಮಲ್ಲಿ ಗಂಡನ ಹೆಸರನ್ನು ನೇರವಾಗಿ ನುಡಿಯಬಾರದೆಂದೇ ಒಡಪು ಹುಟ್ಟಿತು. ಮದುವೆ ಮನೆಯಲ್ಲಿ "ಹೆಸರು ಹೇಳವಾ" ಅಂದಾಗ ಮದುಮಗಳು ಪ್ರಾಸ ಕಟ್ಟಿ, ಊರು ಕೇರಿ ಸುತ್ತಿ, ಕೊನೆಗೆ ಗಂಡನ ಹೆಸರು ಉದುರಿಸಿ ಮುಖ ಮುಚ್ಚಿಕೊಳ್ಳುತ್ತಾಳೆ. ಆದರೆ ತನ್ನ ಹೆಸರಿಗೆ ಒಡಪು ಹೇಳು ಎಂದು ಯಾರಾದರೂ ಕೇಳಿದ್ದನ್ನು ನಾನು ನೋಡಿಲ್ಲ. ಲಗ್ನದ ದಿನ ಹೆಸರನ್ನೇ ಬದಲಿಸುವ ಮನೆಗಳೂ ಇವೆ.

ಹಾಗಾಗಿ ನನ್ನ ಸಲಹೆ ಇದು: ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿಗೇ ಒಂದು ಒಡಪು ಕಟ್ಟಿ, ಅದನ್ನೇ ಹೊಲಿಯಿರಿ. ಮಾದರಿಗೆ ನಾನೊಂದು ಕಟ್ಟಿದ್ದೇನೆ, ನೀವು ಇದಕ್ಕಿಂತ ಚಂದ ಕಟ್ಟುತ್ತೀರಿ:

ಸವಣೂರ ಎಲಿ, ಬ್ಯಾಡಗಿ ಮೆಣಸಿನಕಾಯಿ ಸಂತಿ,
ಯಾರ ಹೇಣ್ತಿ ಅಂತ ಕೇಳಬ್ಯಾಡ್ರಿ, ನನ್ನ ಹೆಸರು ಶಾಂತಿ.

ಇನ್ನು ಕೆಲಸದ ಮಾತು. ಮೂವತ್ತು ಮಂದಿಗೆ ಒಂಬತ್ತು ಇಂಚಿನ, ಅಂದರೆ ಸುಮಾರು ಒಂದು ಗೇಣಿನ ಚೌಕ ಸಾಕು. ಐದು ಅಡ್ಡ, ಆರು ಉದ್ದ ಜೋಡಿಸಿದರೆ ಸುಮಾರು 45 ಇಂಚು ಅಗಲ, 54 ಇಂಚು ಉದ್ದದ ಕೌದಿ. ಹೊಸ ಬಟ್ಟೆ ತರಬೇಡಿ, ಅವರವರ ಹಳೇ ಹತ್ತಿ ಸೀರೆಯ ತುಂಡೇ ಇರಲಿ. ಚೌಕಗಳನ್ನು ಮನೆಯಲ್ಲಿ ಹೊಲಿದರೂ, ಪದರು ಕೂಡಿಸುವ ಹೊಲಿಗೆಗೆ ಎಲ್ಲರೂ ಒಂದೇ ಕಡೆ ಕೂರಿ. ನಮ್ಮವ್ವ ದಂಡೆಯಿಂದ ಹಿಡಿದು ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದಳು. ಹಾಗೆ ಸುತ್ತ ಕೂತಾಗ ಬರುವ ಮಾತುಗಳನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಯಾರಿಗೆ ಓಟು ಹಾಕಿದಿರಿ ಎಂದು ಮಾತ್ರ ಯಾರೂ ಕೇಳಬಾರದು.

ಅಕ್ಷರಕ್ಕೆ ಕಸೂತಿ ಬೇಡ. ಎಳೆ ಎಣಿಸಿ ನೇರ ಗೆರೆಯಲ್ಲಿ ಹೋಗುವ ಗವಂತಿ ಎಂಬ ಕಸೂತಿ ಹೊಲಿಗೆಗೆ ನಮ್ಮ ಲಿಪಿಯ ದುಂಡು ಬಗ್ಗುವುದಿಲ್ಲ. ಸೀಮೆಸುಣ್ಣದಲ್ಲಿ ಬರೆದು ಸರಪಳಿ ಹೊಲಿಗೆ ಹಾಕಿ. ಬರೆಯಲು ಬಾರದವರಿಗೆ ಮೊಮ್ಮಗಳು ಬರೆದು ಕೊಡಲಿ, ಸೂಜಿ ಮಾತ್ರ ಅವರ ಕೈಯಲ್ಲೇ ಇರಲಿ. 1912ರಲ್ಲಿ ಲಂಡನ್ನಿನ ಹಾಲೋವೇ ಜೈಲಿನಲ್ಲಿದ್ದ ಮತಹೋರಾಟದ ಹೆಂಗಸರು ಒಂದು ಕರವಸ್ತ್ರದ ಮೇಲೆ ತಮ್ಮ ತಮ್ಮ ಸಹಿಯನ್ನು ಹೀಗೇ ದಾರದಲ್ಲಿ ಹೊಲಿದಿದ್ದರು, ಅದು ಇವತ್ತಿಗೂ ಉಳಿದಿದೆ.

ಅಂಚಿಗೆ ಕಸೂತಿ ಹಾಕುವುದಾದರೆ ಗೋಪುರ, ತೇರು, ತುಳಸಿಕಟ್ಟೆ ಹಾಕಿ. ಆನೆ, ಕಮಲ ನಮ್ಮ ಅಜ್ಜಿಯಂದಿರ ಚಿತ್ತಾರವೇ, ಆದರೆ ಈಗ ಒಂದು ಬಿಎಸ್‌ಪಿಯದು, ಒಂದು ಬಿಜೆಪಿಯದು. ಅಂಗೈ ಅಚ್ಚು ಹಾಕೋಣವೆಂದರೆ ಅದು ಕಾಂಗ್ರೆಸ್ಸು. ತೆನೆ ಹೊತ್ತ ಹೆಣ್ಣುಮಗಳನ್ನು ಜೆಡಿಎಸ್ ಮೊದಲೇ ಹಿಡಿದುಕೊಂಡಿದೆ. ನಿಮಗೆ ಉಳಿದದ್ದು ಒಂದು ಬೆರಳು. ಎಡಗೈ ತೋರುಬೆರಳಿನ ಚಿತ್ರ, ಉಗುರಿನ ಮೇಲೆ ನೇರಳೆ ಗೆರೆ. ಆ ಶಾಯಿಯೂ ನಮ್ಮ ಮೈಸೂರಿನದೇ, 1962ರಿಂದ ಬಳಕೆಯಲ್ಲಿದೆ. ನಡುವಿನ ಒಂದು ಚೌಕದಲ್ಲಿ ಹೆಸರಿನ ಜೊತೆ ಮೊದಲ ಚುನಾವಣೆಯ ಪೆಟ್ಟಿಗೆಗಳು ಚಂದ: ಓದು ಬಾರದವರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಸಾಲಾಗಿ ಇಟ್ಟಿರುತ್ತಿದ್ದರು.

ಪಂಚಾಯ್ತಿ ಮೀಸಲಾತಿಗೂ ಒಂದು ಚೌಕದಲ್ಲಿ ಜಾಗ ಬಿಡಿ. 1987ರ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ಕಾಲು ಭಾಗ ಸೀಟು ಕೊಟ್ಟಿತ್ತು, ಈಗ ಅರ್ಧ. ಸದಸ್ಯೆಯ ಕುರ್ಚಿಯಲ್ಲಿ ಗಂಡ ಕೂರುವ ಊರಾದರೆ ಏನು ಹೊಲಿಯಬೇಕೆಂದು ನಾನು ಹೇಳಬೇಕಿಲ್ಲ.

ಹೆಸರು ಕೂಡಿಸುವಾಗಲೇ ಮತದಾರರ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮದುವೆಯಾಗಿ ಬಂದು ಹತ್ತು ವರ್ಷವಾದರೂ ಹೆಸರು ತವರಿನಲ್ಲೇ ಉಳಿದವರು, ಕರೆಯುವ ಹೆಸರೊಂದು ಪಟ್ಟಿಯ ಹೆಸರೊಂದು ಆದವರು ಮೂವತ್ತರಲ್ಲಿ ಇಬ್ಬರು ಮೂವರಾದರೂ ಸಿಗುತ್ತಾರೆ. ವಿಳಾಸ ಬದಲಿಗೂ ತಿದ್ದುಪಡಿಗೂ ನಮೂನೆ 8, ಹೊಸದಾಗಿ ಸೇರಲು ನಮೂನೆ 6. ನಿಮ್ಮ ಭಾಗದ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ಕೇಳಿದರೆ ಆಗುತ್ತದೆ.

ಕಡೆಗೊಂದು ಮಾತು ಮರೆತಿದ್ದೆ. ನೇರಳೆ ದಾರವನ್ನು ಹೊಲಿಯುವ ಮೊದಲು ನೀರಲ್ಲಿ ನೆನೆಸಿ, ಬಿಳಿ ಬಟ್ಟೆಗೆ ಒರೆಸಿ ನೋಡಿ. ಬೂತಿನ ಶಾಯಿಯ ಹಾಗಲ್ಲ ಅದು, ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಪಕ್ಕದವಳ ಹೆಸರಿಗೂ ಹತ್ತುತ್ತದೆ.