47×36: ಆ 450 ಎಲ್ಲಿ ಹೋಯಿತು?

ಎರಡಂಕಿಯ ಗುಣಾಕಾರ ಕಲಿಯುತ್ತಿರುವ ಮಕ್ಕಳ ನೋಟ್‌ಪುಸ್ತಕ ತಿರುವಿದರೆ ಇಂಥದ್ದೊಂದು ಲೆಕ್ಕ ಸಿಕ್ಕೇ ಸಿಗುತ್ತದೆ: 47×36 = 423. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುವುದು ಸುಲಭ. ಆದರೆ ಈ 423 ಎಲ್ಲಿಂದಲೋ ಉದುರಿದ ಸಂಖ್ಯೆಯಲ್ಲ. ಮಗುವಿಗೆ ಮಗ್ಗಿ ಬರುತ್ತದೆ, ದಶಕ ಕೂಡಿಸುವುದೂ ಗೊತ್ತು. 47ನ್ನು 6ರಿಂದ ಗುಣಿಸಿ 282 ಬರೆದಿದೆ, 3ರಿಂದ ಗುಣಿಸಿ 141 ಬರೆದಿದೆ. ಎರಡೂ ಸರಿ. ಎರಡನೇ ಸಾಲಿನ ಬಿಡಿ ಸ್ಥಾನಕ್ಕೆ ಸೊನ್ನೆ ಹಾಕದೆ, 141ನ್ನು 282ರ ನೇರ ಕೆಳಗೆ ಕೂರಿಸಿ ಕೂಡಿಬಿಟ್ಟಿದೆ. ಆಗ 36ರಲ್ಲಿರುವ ಮೂವತ್ತು ಬರೀ ಮೂರಾಯಿತು. ಮಗು ಮಾಡಿದ್ದು 47×(3+6), ಅಂದರೆ 47×9. ಅದಕ್ಕೆ ಉತ್ತರ 423 ಎಂಬುದು ನೂರಕ್ಕೆ ನೂರು ಸರಿ.

ಇನ್ನೊಂದು ಮಗು 1242 ಎಂದು ಬರೆದಿರುತ್ತದೆ. ಅದು ಹತ್ತುಗಳನ್ನು ಹತ್ತುಗಳಿಂದ, ಬಿಡಿಯನ್ನು ಬಿಡಿಯಿಂದ ಗುಣಿಸಿ (40×30 = 1200, 7×6 = 42) ಎರಡನ್ನೂ ಕೂಡಿದೆ. ಸಂಕಲನದಲ್ಲಿ ಬಿಡಿಗೆ ಬಿಡಿ, ಹತ್ತಕ್ಕೆ ಹತ್ತು ಎಂದು ಕಲಿತದ್ದನ್ನೇ ಇಲ್ಲಿಗೂ ತಂದಿದೆ. ಸರಿ ಉತ್ತರ 1692. ಕಳೆದುಹೋದದ್ದು 450.

ಆ 450 ಎಲ್ಲಿದೆ ಎಂದು ತೋರಿಸಲು ಒಂದು ಗ್ರಾಫ್ ಹಾಳೆ ಸಾಕು. 47 ಮನೆ ಉದ್ದ, 36 ಮನೆ ಅಗಲದ ಆಯತ ಬರೆಯಿರಿ. ಉದ್ದವನ್ನು 40 ಮತ್ತು 7 ಆಗಿ, ಅಗಲವನ್ನು 30 ಮತ್ತು 6 ಆಗಿ ಗೆರೆ ಎಳೆದು ಒಡೆಯಿರಿ. ನಾಲ್ಕು ತುಂಡುಗಳಾಗುತ್ತವೆ: 1200, 240, 210, 42. 1242 ಬರೆದ ಮಗು ಎದುರುಬದುರು ಮೂಲೆಯ ಎರಡು ತುಂಡು ಮಾತ್ರ ಎಣಿಸಿ, ಉಳಿದ ಎರಡನ್ನು, ಅಂದರೆ 240 ಮತ್ತು 210ನ್ನು, ಬಿಟ್ಟಿದೆ. ಈ ಚಿತ್ರವನ್ನು ಒಮ್ಮೆ ಕೈಯಾರೆ ಬರೆದ ಮೇಲೆ ಆ ಎರಡು ತುಂಡುಗಳನ್ನು ಮರೆಯುವುದು ಕಷ್ಟ. ಸೊನ್ನೆ ಯಾಕೆ ಹಾಕಬೇಕು ಎಂಬುದಕ್ಕೂ ಬೇರೆ ವಿವರಣೆ ಬೇಕಾಗುವುದಿಲ್ಲ. ಕಂಬಸಾಲಿನ ವಿಧಾನಕ್ಕೆ ಮೊದಲು ಒಂದೆರಡು ವಾರ ಈ ಚಿತ್ರದಲ್ಲೇ ಲೆಕ್ಕ ಮಾಡಿಸುವುದು ಒಳ್ಳೆಯದು.

ಒಡೆದು ಗುಣಿಸುವುದು ಹೊಸ ಉಪಾಯವೇನಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ಲೀಲಾವತಿಯಲ್ಲಿ ಗುಣಾಕಾರಕ್ಕೆ ಕೊಟ್ಟಿರುವ ಉದಾಹರಣೆ 135×12. ಆ ಒಂದೇ ಲೆಕ್ಕವನ್ನು ಅಲ್ಲಿ ಹಲವು ಬಗೆಯಲ್ಲಿ ಬಿಡಿಸಲಾಗಿದೆ: 12ನ್ನು 8+4 ಎಂದು ಒಡೆಯಬಹುದು, 3×4 ಎಂದು ಒಡೆಯಬಹುದು, 20ರಿಂದ ಗುಣಿಸಿ 8ರ ಪಾಲನ್ನು ಕಳೆಯಲೂಬಹುದು. ಹೇಗೆ ಮಾಡಿದರೂ 1620. ಕೊನೆಯ ಬಗೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಾಗೆಂದು ಮಗ್ಗಿ ಬೇಡ ಎನ್ನುವಂತಿಲ್ಲ. ಏಳೆಂಟ್ಲ ಎಷ್ಟು ಎಂದು ಬೆರಳು ಮಡಿಸುತ್ತ ಕೂತರೆ, ಯಾವ ತುಂಡನ್ನು ಎಲ್ಲಿ ಇಡಬೇಕು ಎಂಬ ಕಡೆ ಗಮನ ಉಳಿಯುವುದಿಲ್ಲ. ಆದರೆ ಹೊರೆ ನಾವು ಹೆದರುವಷ್ಟು ದೊಡ್ಡದಲ್ಲ. 10×10ರ ನೂರು ಮನೆಗಳಲ್ಲಿ ಒಂದರ ಮತ್ತು ಹತ್ತರ ಮಗ್ಗಿ ಬಿಡಿ. ಏಳೆಂಟ್ಲ, ಎಂಟೇಳ್ಲ ಎರಡೂ ಒಂದೇ ಎಂದು ತಿಳಿದರೆ ಉಳಿಯುವುದು 36. ಎರಡು, ಐದು, ಒಂಬತ್ತರ ಮಗ್ಗಿಗಳಿಗೆ ಅವುಗಳದ್ದೇ ಓಟವಿದೆ. ಅವನ್ನೂ ತೆಗೆದರೆ ಗಟ್ಟಿ ಮಾಡಬೇಕಾದದ್ದು 15 ಮಾತ್ರ.

ಉತ್ತರವನ್ನು ಪರೀಕ್ಷಿಸುವಾಗ ಒಂದು ಎಚ್ಚರಿಕೆ. ಅಂಕಿಗಳನ್ನು ಕೂಡಿ 9ನ್ನು ಬಿಡುತ್ತ ಹೋಗುವ ಹಳೆಯ ತಾಳೆ ಬಹಳ ಜನರಿಗೆ ಗೊತ್ತು. 47ಕ್ಕೆ 4+7 = 11, 1+1 = 2. 36ಕ್ಕೆ 9, ಅಂದರೆ ಸೊನ್ನೆ. ಗುಣಲಬ್ಧಕ್ಕೂ ಸೊನ್ನೆ ಬರಬೇಕು; 1692ಕ್ಕೆ ಬರುತ್ತದೆ. ಆದರೆ 423ಕ್ಕೂ ಬರುತ್ತದೆ! ಕಾರಣ ಸರಳ: 10ನ್ನು 9ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಸೊನ್ನೆ ಹಾಕಿದರೂ ಬಿಟ್ಟರೂ ಈ ತಾಳೆಗೆ ವ್ಯತ್ಯಾಸ ಕಾಣುವುದಿಲ್ಲ. ಮಕ್ಕಳು ಸುಲಭವಾಗಿ ಎಡವುವ ಜಾಗದಲ್ಲೇ ಅದು ಕುರುಡು. 11ರ ತಾಳೆ ಇದನ್ನು ಹಿಡಿಯುತ್ತದೆ. ಬಲದಿಂದ ಎಡಕ್ಕೆ ಒಂದು ಅಂಕಿ ಕೂಡಿ, ಮುಂದಿನದನ್ನು ಕಳೆಯುತ್ತ ಹೋಗಬೇಕು: 7−4 = 3, 6−3 = 3, ಗುಣಿಸಿದರೆ 9. 1692ಕ್ಕೆ 2−9+6−1 = −2; 11 ಕೂಡಿದರೆ 9, ಸರಿಹೋಯಿತು. 423ಕ್ಕೆ 3−2+4 = 5, ಸಿಕ್ಕಿಬಿತ್ತು. ಇಷ್ಟೂ ಬೇಡವೆಂದರೆ, 50×40 ಎರಡು ಸಾವಿರ, ಉತ್ತರ ಅದರ ಆಸುಪಾಸಿನಲ್ಲಿರಬೇಕು ಎಂಬ ಅಂದಾಜು ಸಾಕು.

ಕಂಪ್ಯೂಟರಿನ ಒಳಗೂ ನಡೆಯುವುದು ಒಡೆಯುವ ಕೆಲಸವೇ. 0 ಮತ್ತು 1 ಎಂಬ ಎರಡೇ ಅಂಕಿಗಳಿರುವ ದ್ವಿಮಾನ ಪದ್ಧತಿಯಲ್ಲಿ 36 ಎಂದರೆ 100100, ಅಂದರೆ 32+4. ಒಂದು ಸಂಖ್ಯೆಯನ್ನು ಎಡಕ್ಕೆ ಒಂದು ಸ್ಥಾನ ಸರಿಸಿದರೆ ಅದು ಇಮ್ಮಡಿಯಾಗುತ್ತದೆ. ಹಾಗಾಗಿ 47ನ್ನು ಐದು ಸ್ಥಾನ ಸರಿಸಿದರೆ 1504, ಎರಡು ಸ್ಥಾನ ಸರಿಸಿದರೆ 188. ಕೂಡಿದರೆ 1692. ಇಲ್ಲಿ ಮಗ್ಗಿಯೇ ಬೇಡ. ಗುಣಕ 47 ಆಗಿದ್ದರೆ, ಅದು 101111, ಐದು ಒಂದುಗಳು, ಐದು ಸಾಲು ಕೂಡಬೇಕು. ಅದರ ಬದಲು ಕೊನೆಯ ನಾಲ್ಕು ಒಂದುಗಳನ್ನು 16−1 ಎಂದು ಓದಿದರೆ ಮೂರೇ ಸಾಲು: 36ರ 32 ಪಟ್ಟು, 16 ಪಟ್ಟು, ಅದರಿಂದ ಒಂದು 36 ಕಳೆಯುವುದು. ಲಂಡನ್ನಿನಲ್ಲಿ ಕಂಪ್ಯೂಟರ್ ತಜ್ಞ ಆಂಡ್ರ್ಯೂ ಬೂತ್ 1950ರ ಹೊತ್ತಿಗೆ ರೂಪಿಸಿದ ವಿಧಾನದ ಹುರುಳು ಇದೇ. 20ರಿಂದ ಗುಣಿಸಿ 8ರ ಪಾಲು ಕಳೆದದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ.

ಯಂತ್ರ ಬೇರೊಂದು ಕಡೆ ಎಡವುತ್ತದೆ. ಗುಣಲಬ್ಧಕ್ಕೆ ಜಾಗ ಸಾಲದಿದ್ದರೆ ಅದು ಮೇಲಿನ ಅಂಕಿಗಳನ್ನು ಕಳೆದುಕೊಳ್ಳುತ್ತದೆ. 8 ಬಿಟ್‌ನಲ್ಲಿ (ಅಂದರೆ ಎಂಟು ದ್ವಿಮಾನ ಅಂಕಿಗಳ ಜಾಗದಲ್ಲಿ) 255ರವರೆಗೆ ಮಾತ್ರ ಹಿಡಿಸುತ್ತದೆ; 47×36ರ ಉತ್ತರವನ್ನು ಅಷ್ಟರಲ್ಲೇ ತುರುಕಿದರೆ ಕೆಳಗಿನ ಭಾಗ 156 ಮಾತ್ರ ಉಳಿಯುತ್ತದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 32 ಬಿಟ್‌ನ ಪೂರ್ಣಾಂಕಗಳಾಗಿ 50000×50000 ಮಾಡಿಸಿ. 250 ಕೋಟಿ ಬರಬೇಕಾದಲ್ಲಿ −1794967296 ಬರುತ್ತದೆ, ಯಾವ ಎಚ್ಚರಿಕೆಯ ಸಂದೇಶವೂ ಇಲ್ಲದೆ. ಉತ್ತರವನ್ನು ದೊಡ್ಡ ಜಾಗದಲ್ಲಿ ಇಟ್ಟರಷ್ಟೇ ಸಾಲದು, ಗುಣಿಸುವ ಮೊದಲೇ ಸಂಖ್ಯೆಗಳನ್ನು 64 ಬಿಟ್‌ಗೆ ಏರಿಸಬೇಕು.

ಇನ್ನು ಆ 450ರ ವಿಷಯ. ಆಯತದ ನಾಲ್ಕು ತುಂಡಿಗೆ ನಾಲ್ಕು ಗುಣಾಕಾರ ಬೇಕೇಬೇಕು ಎನಿಸುತ್ತದೆ. ದೊಡ್ಡ ಸಂಖ್ಯೆಗಳ ಗುಣಾಕಾರವನ್ನು ಶಾಲೆಯ ವಿಧಾನಕ್ಕಿಂತ ಗಣನೀಯವಾಗಿ ಬೇಗ ಮುಗಿಸಲಾಗದು ಎಂದು ಸೋವಿಯತ್ ಗಣಿತಜ್ಞ ಕೊಲ್ಮೊಗೊರೋವ್ ಊಹಿಸಿದ್ದರು. 1960ರಲ್ಲಿ ಮಾಸ್ಕೋದ ಅವರ ವಿಚಾರಗೋಷ್ಠಿಯಲ್ಲಿ ಇದನ್ನು ಕೇಳಿದ 23 ವರ್ಷದ ಅನಾತೊಲಿ ಕರತ್ಸುಬಾ ವಾರದೊಳಗೆ ಅದನ್ನು ಸುಳ್ಳು ಮಾಡಿ ತೋರಿಸಿದರು. ನಮ್ಮ ಲೆಕ್ಕದಲ್ಲೇ ನೋಡೋಣ. 4×3 = 12. 7×6 = 42. ಈಗ ಅಂಕಿಗಳನ್ನು ಮೊದಲೇ ಕೂಡಿ ಗುಣಿಸಿ: (4+7)×(3+6) = 11×9 = 99. ಇದರಿಂದ 12 ಮತ್ತು 42 ಕಳೆದರೆ 45. ಅದು ಹತ್ತರ ಸ್ಥಾನದಲ್ಲಿ ಕೂತರೆ 450! ಮಧ್ಯದ ಎರಡೂ ತುಂಡುಗಳು ಒಂದೇ ಗುಣಾಕಾರದಲ್ಲಿ ಒಟ್ಟಾಗಿ ಬಂದವು. 1200+450+42 = 1692.

ನಾಲ್ಕರ ಬದಲು ಮೂರು. ಸಣ್ಣ ಉಳಿತಾಯ ಎನಿಸಬಹುದು, ಆದರೆ ಪ್ರತಿ ತುಂಡನ್ನೂ ಮತ್ತೆ ಮತ್ತೆ ಹೀಗೇ ಒಡೆಯುತ್ತ ಹೋಗಬಹುದು. 1024 ಅಂಕಿಗಳ ಎರಡು ಸಂಖ್ಯೆಗಳಿಗೆ ಶಾಲೆಯ ವಿಧಾನದಲ್ಲಿ 10,48,576 ಬಿಡಿ ಗುಣಾಕಾರ ಬೇಕು, ಇಲ್ಲಿ ಸುಮಾರು 59,000 ಸಾಕು. ಆಮೇಲೆ ಇನ್ನೂ ವೇಗದ ದಾರಿಗಳು ಬಂದವು. 2019ರಲ್ಲಿ ಗಣಿತಜ್ಞರಾದ ಡೇವಿಡ್ ಹಾರ್ವೆ ಮತ್ತು ಯೋರಿಸ್ ವಾನ್ ಡೆರ್ ಹೂವೆನ್ ಪ್ರಕಟಿಸಿದ ವಿಧಾನ ತಾತ್ವಿಕವಾಗಿ ಎಲ್ಲಕ್ಕಿಂತ ಮುಂದಿದೆ, ಆದರೆ ಅವರು ಕೊಟ್ಟ ಪುರಾವೆಯಲ್ಲಿರುವಂತೆ ಅದು ಫಲ ಕೊಡುವ ಸಂಖ್ಯೆಗಳು ಯಾವ ಯಂತ್ರದಲ್ಲೂ ಹಿಡಿಸದಷ್ಟು ದೊಡ್ಡವು.

ಕರತ್ಸುಬಾ ವಿಧಾನಕ್ಕೂ ಹೆಚ್ಚುವರಿ ಕೂಡು–ಕಳೆಯುವ ಖರ್ಚಿದೆ. ಸಣ್ಣ ಸಂಖ್ಯೆಗಳಲ್ಲಿ ಉಳಿತಾಯವನ್ನು ಅದೇ ತಿಂದುಹಾಕುತ್ತದೆ. ಎಲ್ಲೆಡೆ ಬಳಕೆಯಲ್ಲಿರುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಂಖ್ಯೆಗಳನ್ನು 30 ಬಿಟ್‌ಗಳ ತುಂಡುಗಳಾಗಿ ಇಡುತ್ತದೆ. ಎರಡೂ ಸಂಖ್ಯೆಗಳು ಅಂಥ 70 ತುಂಡುಗಳನ್ನು, ಅಂದರೆ ಸರಿಸುಮಾರು 630 ಅಂಕಿಗಳನ್ನು, ದಾಟಿದ ಮೇಲಷ್ಟೇ ಅದು ಕರತ್ಸುಬಾ ದಾರಿ ಹಿಡಿಯುತ್ತದೆ. ಅಲ್ಲಿಯವರೆಗೆ ಸಾಲಿನ ಕೆಳಗೆ ಸಾಲು, ಪ್ರತಿ ಸಾಲಿಗೂ ಒಂದು ಸ್ಥಾನ ಎಡಕ್ಕೆ, ನೋಟ್‌ಪುಸ್ತಕದಲ್ಲಿ ಮಾಡುವಂತೆಯೇ.