ಎರಡು ಸೀಟು, ವರ್ಷಕ್ಕೊಬ್ಬ ಚಾಲಕ: ಪ್ರೇಮಾ ತಂಡದ ಒಳಲೆಕ್ಕ

ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕಾರು ರೇಸು ಫಾರ್ಮುಲಾ 2ರಲ್ಲಿ ಚಾಂಪಿಯನ್ ಆದವನು ಮರುವರ್ಷ ಅಲ್ಲೇ ಓಡಿಸುವಂತಿಲ್ಲ, ನಿಯಮವೇ ಹಾಗಿದೆ. ಹೀಗಾಗಿ ಗೆದ್ದ ತಂಡಕ್ಕೆ ಮೊದಲು ಆಗುವ ನಷ್ಟ ಅದರ ಅತ್ಯುತ್ತಮ ಚಾಲಕ. ಗೆಲ್ಲದವನೂ ಒಂದೆರಡು ವರ್ಷದಲ್ಲಿ ಮೇಲಕ್ಕೋ ಬೇರೆ ತಂಡಕ್ಕೋ ಹೊರಟುಬಿಡುತ್ತಾನೆ. ಇಂಥ ಜಾಗದಲ್ಲಿ ಒಂದು ತಂಡ ದಶಕಗಳ ಕಾಲ ಮುಂದಿನ ಸಾಲಿನಲ್ಲಿ ಉಳಿಯುವುದು ಹೇಗೆ? ಇದಕ್ಕೆ ಇಟಲಿಯ ಪ್ರೇಮಾಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಆಂಜೆಲೊ ರೊಸಿನ್ ಮತ್ತು ಜಾರ್ಜೊ ಪಿಕೊಲೊ 1983ರಲ್ಲಿ ಕಟ್ಟಿದ ತಂಡವಿದು. ಬಹುಕಾಲ ಅದರ ನೆಲೆ ಇನ್ನೂ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 3. ಮುಂದೆ ವಿಶ್ವ ಚಾಂಪಿಯನ್ ಆದ ಜಾಕ್ ವಿಲ್ನೆವ್ ಹುಡುಗನಾಗಿದ್ದಾಗ ಇಲ್ಲಿ ಓಡಿಸಿದ್ದರು. 2013ರಿಂದ 2016ರವರೆಗೆ ಯುರೋಪಿಯನ್ ಫಾರ್ಮುಲಾ 3 ಕಿರೀಟ ಪ್ರತಿ ವರ್ಷವೂ ಪ್ರೇಮಾದ್ದೇ: ಮಾರ್ಚೆಲ್ಲೊ, ಒಕಾನ್, ರೊಸೆನ್‌ಕ್ವಿಸ್ಟ್, ಸ್ಟ್ರೋಲ್. ನಾಲ್ಕು ವರ್ಷ, ನಾಲ್ಕು ಬೇರೆ ಚಾಲಕರು. 2016ರಲ್ಲಿ ಜಿಪಿ2ಗೆ (ಫಾರ್ಮುಲಾ 2ರ ಆಗಿನ ಹೆಸರು) ಕಾಲಿಟ್ಟ ಮೊದಲ ವರ್ಷವೇ ಪಿಯೇರ್ ಗ್ಯಾಸ್ಲಿ ಚಾಂಪಿಯನ್ ಆದರು, ಜೊತೆಗಾರ ಆಂಟೋನಿಯೊ ಜೊವಿನಾಜ್ಜಿ ಎಂಟೇ ಅಂಕ ಹಿಂದೆ ಎರಡನೆಯವರಾದರು. ಇಬ್ಬರೂ ಹೊರಟರು. 2017ರಲ್ಲಿ ಶಾರ್ಲ್ ಲೆಕ್ಲೇರ್ ಬಂದರು, ಗೆದ್ದರು, ಹೋದರು.

ಫಾರ್ಮುಲಾ 2ರಲ್ಲಿ ಎಲ್ಲರದೂ ಒಂದೇ ಕಾರು. ಚಾಸಿ, ಅಂದರೆ ಕಾರಿನ ಚೌಕಟ್ಟು, ಡಲ್ಲಾರಾದ್ದು, ಎಂಜಿನ್ ಮೆಕಾಕ್ರೋಮ್‌ನದು, ಟೈರು ಪಿರೆಲ್ಲಿಯದು. ತಂಡ ತನ್ನದೇ ಬಿಡಿಭಾಗ ಮಾಡಿ ಹಾಕುವಂತಿಲ್ಲ. ಅದರ ಕೈಯಲ್ಲಿರುವುದು ಹೊಂದಾಣಿಕೆ ಮಾತ್ರ: ನೆಲದಿಂದ ಕಾರಿನ ಎತ್ತರ, ಸ್ಪ್ರಿಂಗ್, ಡ್ಯಾಂಪರ್, ಚಕ್ರದ ಓರೆ, ರೆಕ್ಕೆಯ ಕೋನ, ಟೈರಿನ ಒತ್ತಡ. ಯಾವ ಟ್ರ್ಯಾಕಿನಲ್ಲಿ, ಯಾವ ಬಿಸಿಲಿಗೆ ಯಾವುದು ಕೆಲಸ ಮಾಡಿತು ಎಂಬ ದಾಖಲೆಯೇ ತಂಡದ ನಿಜವಾದ ಆಸ್ತಿ. ಚಾಲಕ ಹೋದರೂ ಅದು ಹೋಗುವುದಿಲ್ಲ.

ಹೊಸಬ ಬಂದಾಗ ಮೊದಲ ಕೆಲಸ ಸೀಟು. ಖಾಲಿ ಕಾಕ್‌ಪಿಟ್‌ನಲ್ಲಿ ಗಟ್ಟಿ ಪ್ಲಾಸ್ಟಿಕ್ ಚೀಲ ಹಾಸಿ, ರೇಸಿಂಗ್ ಉಡುಪು, ಹೆಲ್ಮೆಟ್ ತೊಟ್ಟ ಚಾಲಕನನ್ನು ಕೂರಿಸುತ್ತಾರೆ. ಕಾಲು ಪೆಡಲಿನ ಮೇಲೆ, ಕೈ ಸ್ಟೀರಿಂಗ್ ಮೇಲೆ ಇರಬೇಕು. ಎರಡು ದ್ರವ ಬೆರೆಸಿ ಚೀಲಕ್ಕೆ ಸುರಿದರೆ ಅದು ಬಿಸಿಯಾಗುತ್ತಾ ನೊರೆಯಂತೆ ಉಬ್ಬಿ, ಬೆನ್ನಿನ ಆಕಾರ ಹಿಡಿದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೂ ಚಾಲಕ ಅಲುಗಾಡಬಾರದು. ಕೆಡುವುದು ಸಾಮಾನ್ಯವಾಗಿ ಸೊಂಟದ ಹತ್ತಿರ. ಅಲ್ಲಿ ಟೊಳ್ಳು ಉಳಿದರೆ ಬ್ರೇಕ್ ತುಳಿದಾಗಲೆಲ್ಲ ಮೈ ಜರುಗುತ್ತದೆ, ಅಪಘಾತದಲ್ಲಿ ಹೊಡೆತ ಬೆನ್ನೆಲುಬಿನ ಒಂದೇ ಕಡೆ ಬೀಳುತ್ತದೆ. ಭುಜದ ಬಳಿ ಬಿಗಿಯಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಲಾಗದು. ಫಾರ್ಮುಲಾ 2 ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ ಎಂಬುದನ್ನು ನೆನೆದರೆ ಇದೆಷ್ಟು ದೊಡ್ಡ ತೊಂದರೆ ಎಂದು ತಿಳಿಯುತ್ತದೆ.

ಆಮೇಲೆ ತೂಕ. ಕನಿಷ್ಠ ತೂಕದ ನಿಯಮ ಚಾಲಕನನ್ನೂ ಸೇರಿಸಿಯೇ ಇರುವುದರಿಂದ, 75 ಕೆಜಿಯವನ ಜಾಗಕ್ಕೆ 60 ಕೆಜಿಯವನು ಬಂದರೆ ಕೊರತೆ ಬಿದ್ದ ಭಾರವನ್ನು ಲೋಹದ ತುಂಡು ಬಿಗಿದು ತುಂಬಬೇಕಾದೀತು. ಗುರುತ್ವಕೇಂದ್ರವೂ ಸರಿಯುತ್ತದೆ. ಆದ್ದರಿಂದ ಚಾಲಕನನ್ನು ಕೂರಿಸಿಯೇ ನಾಲ್ಕು ಚಕ್ರದ ಕೆಳಗೆ ತಕ್ಕಡಿ ಇಟ್ಟು ಹೊಂದಿಸುತ್ತಾರೆ. ಕರ್ಣದ ಎರಡು ಚಕ್ರಗಳ ಮೇಲಿನ ಭಾರ ಏರುಪೇರಾದರೆ ಕಾರು ಎಡತಿರುವಿನಲ್ಲಿ ಚೆನ್ನಾಗಿ ಹೋಗಿ ಬಲತಿರುವಿನಲ್ಲಿ ಜಾರುತ್ತದೆ. ತಪ್ಪು ಚಾಲಕನದೆಂದು ಭಾವಿಸಿ ಅರ್ಧ ದಿನ ಕಳೆದುಹೋಗುವುದು ಇಂಥಲ್ಲೇ.

ಫಾರ್ಮುಲಾ 3ರಿಂದ ಬಂದವರಿಗೆ ಬ್ರೇಕು, ಟೈರು ಎರಡೂ ಹೊಸತು. ಅಲ್ಲಿ ಉಕ್ಕಿನ ಡಿಸ್ಕ್, ಇಲ್ಲಿ ಕಾರ್ಬನ್. ಕೆಲವು ನೂರು ಡಿಗ್ರಿಗೆ ಏರುವ ತನಕ ಕಾರ್ಬನ್ ಸರಿಯಾಗಿ ಹಿಡಿಯುವುದೇ ಇಲ್ಲ. ಟೈರಿಗೆ ಬಿಸಿ ಹೊದಿಕೆಯಿಲ್ಲ, ಪಿಟ್‌ನಿಂದ ತಣ್ಣಗೇ ಹೊರಡಬೇಕು. ಮೆಲ್ಲಗೆ ಓಡಿಸಿದರೆ ರಬ್ಬರಿನ ಒಳಭಾಗ ಕಾಯದು, ಜಾರಿಸಿ ಓಡಿಸಿದರೆ ಮೇಲ್ಮೈ ಮಾತ್ರ ಸುಟ್ಟು ಹಿಡಿತ ಹೋಗುತ್ತದೆ. ಇದನ್ನು ಕಲಿಯಲು ವಾರಾಂತ್ಯದಲ್ಲಿ ಸಿಗುವುದು 45 ನಿಮಿಷದ ಅಭ್ಯಾಸ, ಅದರ ನಂತರ 30 ನಿಮಿಷದ ಅರ್ಹತಾ ಸುತ್ತು. ಆದ್ದರಿಂದಲೇ ಹಳೆಯ ಚಾಲಕನ ಬ್ರೇಕ್ ಒತ್ತಡ, ಸ್ಟೀರಿಂಗ್ ಕೋನಗಳ ಗೆರೆಯ ಮೇಲೆ ಹೊಸಬನ ಗೆರೆ ಇಟ್ಟು ನೋಡುವುದು. ಎಲ್ಲಿ ಬೇಗ ತುಳಿದ, ಎಲ್ಲಿ ತಡವಾಗಿ ಬಿಟ್ಟ ಎಂಬುದು ಕಣ್ಣಿಗೆ ಕಟ್ಟುತ್ತದೆ.

ದಾಖಲೆ ಇದ್ದರೂ ಲೆಕ್ಕ ತಪ್ಪುವುದುಂಟು. 2017ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಲೆಕ್ಲೇರ್ ಮುಖ್ಯ ರೇಸು ಗೆದ್ದರು, ಬಳಿಕ ಅನರ್ಹರಾದರು. ಕಾರಿನ ತಳಕ್ಕೆ ಬಿಗಿದ ಹಲಗೆ ಮಿತಿ ಮೀರಿ ಸವೆದಿತ್ತು. ಕಾರು ನೆಲಕ್ಕೆ ಹತ್ತಿರವಾದಷ್ಟೂ ತಳದ ಗಾಳಿ ಅದನ್ನು ಕೆಳಕ್ಕೆ ಎಳೆದು ಹಿಡಿತ ಹೆಚ್ಚಿಸುತ್ತದೆ, ಎಲ್ಲ ತಂಡಗಳಿಗೂ ಅದೇ ಆಸೆ. ಆದರೆ ಸ್ಪಾದ ಓ ರೂಜ್ ತಿರುವಿನಲ್ಲಿ ಇಳಿಜಾರು ಮುಗಿದು ಒಮ್ಮೆಗೇ ಏರು ಶುರುವಾಗುತ್ತದೆ. ಆ ವೇಗದಲ್ಲಿ ಕಾರು ಕುಕ್ಕುತ್ತದೆ, ಮೊದಲ ಸುತ್ತುಗಳಲ್ಲಿ ಇಂಧನದ ಭಾರ ಬೇರೆ. ಕೆಲವೇ ಮಿಲಿಮೀಟರ್ ಎತ್ತರದ ವ್ಯತ್ಯಾಸಕ್ಕೆ ಗೆಲುವೇ ಹೋಗಬಹುದು. ಅದೇ ಕಾರಣಕ್ಕೆ ಎದುರಾಳಿ ಆಲಿವರ್ ರೌಲೆಂಡ್ ಕೂಡ ಅಂದು ಅನರ್ಹರಾದರು.

ದಾಖಲೆಯ ಬೆಲೆ ಗೊತ್ತಾಗುವುದು ಕಾರು ಬದಲಾದಾಗ. 2018ರಲ್ಲಿ ಹೊಸ ಚಾಸಿ, 4 ಲೀಟರ್ ವಿ8 ಬದಲು 3.4 ಲೀಟರ್ ಟರ್ಬೊ ವಿ6 ಬಂತು. ಆ ವರ್ಷ ನಿಕ್ ಡಿ ವ್ರೀಸ್ ಪ್ರೇಮಾಕ್ಕೆ ನಾಲ್ಕನೇ ಸ್ಥಾನ ತಂದರು. 2019ರಲ್ಲಿ ಮಿಕ್ ಶುಮಾಕರ್ 12ನೆಯವರು. 2020ರಲ್ಲಿ ಟೈರು 18 ಇಂಚಿನದಾದಾಗ ಎಲ್ಲರೂ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು, ಅದೇ ಮಿಕ್ ಅದೇ ತಂಡದಲ್ಲಿ ಚಾಂಪಿಯನ್ ಆದರು. 2021ರಲ್ಲಿ ಆಸ್ಕರ್ ಪಿಯಾಸ್ಟ್ರಿ ಮೊದಲ ಪ್ರಯತ್ನದಲ್ಲೇ ಗೆದ್ದರು. ಮರುವರ್ಷ ಡೆನಿಸ್ ಹಾಗರ್ ಮತ್ತು ಮುಂಬೈಯ ಜೆಹಾನ್ ದಾರುವಾಲಾ ಜೋಡಿಗೆ ಆ ಎತ್ತರ ಸಿಗಲಿಲ್ಲ. 2024ರಲ್ಲಿ ಮತ್ತೆ ಹೊಸ ಕಾರು. ಆಲಿವರ್ ಬೇರ್‌ಮನ್ ಮತ್ತು ಫಾರ್ಮುಲಾ 3 ಹಾರಿ ನೇರ ಬಂದ ಕಿಮಿ ಆಂಟೊನೆಲ್ಲಿ ಇದ್ದೂ ತಂಡ ಆರಂಭದಲ್ಲಿ ತಡಕಾಡಿತು. ಚಾಲಕ ಬದಲಾವಣೆಗಿಂತ ಕಾರಿನ ಬದಲಾವಣೆಯೇ ಪ್ರೇಮಾಕ್ಕೆ ಹೆಚ್ಚು ಪೆಟ್ಟು ಕೊಟ್ಟಿದೆ ಎಂದು ಈ ಸಾಲು ನೋಡಿದರೆ ನನಗನಿಸುತ್ತದೆ.

ಬದಲಾವಣೆ ಋತು ಮುಗಿಯುವ ತನಕ ಕಾಯುವುದೂ ಇಲ್ಲ. 2024ರ ಮಾರ್ಚ್‌ನಲ್ಲಿ ಜೆಡ್ಡಾದಲ್ಲಿ ಬೇರ್‌ಮನ್ ಪೋಲ್, ಅಂದರೆ ರೇಸು ಎಲ್ಲರಿಗಿಂತ ಮುಂದೆ ನಿಂತು ಶುರು ಮಾಡುವ ಜಾಗ, ಗಳಿಸಿದ್ದರು. ಮರುದಿನ ಫೆರಾರಿಯ ಕಾರ್ಲೋಸ್ ಸೈನ್ಸ್‌ಗೆ ಅಪೆಂಡಿಕ್ಸ್ ತೊಂದರೆಯಾಗಿ, 18ರ ಬೇರ್‌ಮನ್ ಫಾರ್ಮುಲಾ 1 ಕಾರು ಏರಿ ಏಳನೆಯವರಾಗಿ ಮುಗಿಸಿದರು. ಪ್ರೇಮಾದ ಒಂದು ಕಾರು ಆ ವಾರಾಂತ್ಯ ನಿಂತೇ ಉಳಿಯಿತು. ಮುಖ್ಯ ರೇಸಿನಲ್ಲಿ ತೆರವಾದ ಪೋಲ್ ಸ್ಥಾನ ಎರಡನೆಯವರಾಗಿದ್ದ ಇನ್ವಿಕ್ಟಾ ತಂಡದ ಚಾಲಕ, ಬೆಂಗಳೂರಿನ ಕುಶ್ ಮೈನಿಗೆ ಬಂತು. ಅವರು ಹಿಂದಿನ ವರ್ಷ ಕಾಂಪೋಸ್‌ನಲ್ಲಿದ್ದರು, ಮುಂದಿನ ವರ್ಷ ಡ್ಯಾಮ್ಸ್ ತಂಡಕ್ಕೆ ಹೋದರು. ಅದೇ 2024ರಲ್ಲಿ ಬಾಕುವಿನಲ್ಲಿ ಬೇರ್‌ಮನ್ ಮತ್ತೆ ಫಾರ್ಮುಲಾ 1ಕ್ಕೆ ಹೋದಾಗ ಪ್ರೇಮಾ ಸೀಟು ಖಾಲಿ ಬಿಡಲಿಲ್ಲ. ಫಾರ್ಮುಲಾ 3ರಲ್ಲಿ ಪ್ರೇಮಾದ್ದೇ ಕಾರು ಓಡಿಸುತ್ತಿದ್ದ ಗ್ಯಾಬ್ರಿಯೆಲೆ ಮಿನಿಯನ್ನು ಕೂರಿಸಿತು. 2025ಕ್ಕೆ ಅದೇ ಮಿನಿ ಪೂರ್ಣಾವಧಿ ಚಾಲಕನಾದರು.