ದಶಮಾಂಶದ ಬಾಲದ ಐದು ಅಂಕಿ

ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಹೆಚ್ಚುಕಡಿಮೆ 111 ಕಿಲೋಮೀಟರ್. ದಶಮಾಂಶ ಬಿಂದುವಿನ ನಂತರ ಒಂದಂಕಿ ಬರೆದರೆ 11 ಕಿ.ಮೀ., ಎರಡಂಕಿ ಬರೆದರೆ 1 ಕಿ.ಮೀ. ಅಂಕಿ ಸೇರಿದ ಹಾಗೆಲ್ಲ ಜಾಗ ಹತ್ತು ಪಟ್ಟು ಕಿರಿದಾಗುತ್ತ ಹೋಗಿ, ಆರನೆಯ ಅಂಕಿಗೆ 11 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದಂಕಿಯಲ್ಲಿ ಕಾರು ಯಾವ ಊರಲ್ಲಿದೆ ಎಂದಷ್ಟೇ ತಿಳಿದೀತು. ಆರಂಕಿಯಲ್ಲಿ ಅದು ಯಾರ ಮನೆಯ ಗೇಟಿನ ಮುಂದೆ ನಿಂತಿದೆ ಎಂಬುದೂ ತಿಳಿಯುತ್ತದೆ.

ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹದ ಪ್ರಕರಣ ಅರ್ಥವಾಗಲು ಇಷ್ಟು ಲೆಕ್ಕ ಸಾಕು. ಈ ಸಮೂಹದ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯ ಹೆಸರು ಕಾರಿಯಾಡ್. ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಅದು ಬಾಡಿಗೆಗೆ ಪಡೆದ ಅಮೆಜಾನ್ ಕ್ಲೌಡ್‌ನಲ್ಲಿ ತಿಂಗಳುಗಟ್ಟಲೆ ಸರಿಯಾದ ಕಾವಲಿಲ್ಲದೆ ಬಿದ್ದಿತ್ತು ಎಂದು 2024ರ ಡಿಸೆಂಬರ್‌ನಲ್ಲಿ ಡೆರ್ ಶ್ಪೀಗೆಲ್ ಪತ್ರಿಕೆ ವರದಿ ಮಾಡಿತು. ಅದೇ ದಿನಗಳಲ್ಲಿ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ ಹ್ಯಾಕರ್‌ಗಳು ಹ್ಯಾಂಬರ್ಗ್‌ನ ತಮ್ಮ ವಾರ್ಷಿಕ ಸಮ್ಮೇಳನದಲ್ಲಿ ಎಲ್ಲವನ್ನೂ ಬಿಡಿಸಿ ತೋರಿಸಿದರು. ಸುಮಾರು 4.6 ಲಕ್ಷ ಕಾರುಗಳು ನಿಂತ ಜಾಗವೂ ಅದರಲ್ಲಿತ್ತು. ಆಡಿ ಮತ್ತು ಸ್ಕೋಡಾ ಕಾರುಗಳ ಜಾಗ ಹತ್ತು ಕಿಲೋಮೀಟರ್‌ ಅಂದಾಜಿನಲ್ಲಿತ್ತು. ಫೋಕ್ಸ್‌ವ್ಯಾಗನ್ ಮತ್ತು ಸೀಟ್ ಎಂಬ ಬ್ರ್ಯಾಂಡಿನ ಕಾರುಗಳದ್ದು ಹತ್ತು ಸೆಂಟಿಮೀಟರ್‌ವರೆಗೆ ದಾಖಲಾಗಿತ್ತು. ಒಂದೇ ಮನೆಯ ನಾಲ್ಕು ಮಕ್ಕಳಲ್ಲಿ ಇಬ್ಬರ ದಶಮಾಂಶಕ್ಕೆ ಮಾತ್ರ ಕತ್ತರಿ ಬಿದ್ದಿತ್ತು! (ಸಾಮಾನ್ಯ ಜಿಪಿಎಸ್ಸೇ ಕೆಲವು ಮೀಟರ್ ತಪ್ಪುತ್ತದೆ. ಹಾಗಾಗಿ ಕೊನೆಯ ಅಂಕಿ ಕಂಪನಿಗೂ ಉಪಯೋಗವಿಲ್ಲದ್ದು. ಆದರೂ ಇಟ್ಟುಕೊಂಡಿದ್ದರು.)

ಒಳಹೊಕ್ಕ ದಾರಿ ಯಾವುದು? ಪ್ರೋಗ್ರಾಂ ಓಡುತ್ತಿರುವಾಗ ತನ್ನ ಮೆಮೊರಿಯಲ್ಲಿ ಇರುವುದನ್ನೆಲ್ಲ ಒಂದು ಕಡತಕ್ಕೆ ಸುರಿಯುವ ಏರ್ಪಾಡು ಇರುತ್ತದೆ, ದೋಷ ಹುಡುಕುವವರ ಅನುಕೂಲಕ್ಕಾಗಿ. ಅಂಥ ಒಂದು ಕಡತ ಇಂಟರ್ನೆಟ್ಟಿನಲ್ಲಿ ಯಾರ ಕೈಗೂ ಎಟಕುವಂತಿತ್ತು. ಕ್ಲೌಡ್‌ನ ಬೀಗದ ಕೈ ಅದರೊಳಗೇ ಇತ್ತು. ಹ್ಯಾಕರ್‌ಗಳು ಸುದ್ದಿ ಮುಟ್ಟಿಸಿದ ಮೇಲೆ ಕಾರಿಯಾಡ್ ಬೇಗನೆ ಬಾಗಿಲು ಹಾಕಿತು, ನಿಜ. ನನ್ನ ತಕರಾರು ಬಾಗಿಲಿನ ಬಗ್ಗೆ ಅಲ್ಲ, ಅಟ್ಟದ ಬಗ್ಗೆ. ಎಂದಾದರೂ ಬೇಕಾದೀತು ಎಂದು ಹಳೆ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಏರಿಸುವ ಚಾಳಿ ಕಂಪನಿಗಳಿಗೂ ಇದೆ.

ಬ್ಯಾಟರಿ ಮತ್ತು ಚಾರ್ಜಿಂಗ್ ಸುಧಾರಣೆಗೆ ಮಾಹಿತಿ ಬೇಕು ಎಂದು ಕಾರಿಯಾಡ್ ಹೇಳಿತು. ಒಪ್ಪೋಣ. ಚಳಿಯಲ್ಲಿ ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ ಎಂದು ತಿಳಿಯಲು ಊರು ಗೊತ್ತಾದರೆ ಸಾಲದೇ? ಮನೆಯ ಗೇಟು ಏಕೆ? ಅದರಲ್ಲೂ ಜಾಗ ದಾಖಲಾಗುತ್ತಿದ್ದದ್ದು ಕಾರು ಆಫ್ ಮಾಡಿದ ಕ್ಷಣದಲ್ಲಿ. ಕಾರು ನಿಲ್ಲುವುದು ಮನುಷ್ಯ ಇಳಿಯುವ ಕಡೆ: ಮನೆ, ಕಚೇರಿ, ಡಾಕ್ಟರ ಕ್ಲಿನಿಕ್ಕು. ಜರ್ಮನಿಯ ಗುಪ್ತಚರ ಸಂಸ್ಥೆಯ ಪಾರ್ಕಿಂಗ್‌ನಲ್ಲಿ ನಿಂತ ಕಾರುಗಳೂ, ಹ್ಯಾಂಬರ್ಗ್ ಪೊಲೀಸರ ಕಾರುಗಳೂ ಆ ರಾಶಿಯಲ್ಲಿ ಸಿಕ್ಕವು.

ಮಾಲೀಕರ ಹೆಸರು ಬೇರೆ ಕಡೆ ಇತ್ತು, ಎರಡನ್ನೂ ಜೋಡಿಸುವುದು ಸುಲಭವಲ್ಲ ಎಂಬುದು ಕಂಪನಿಯ ಸಮಾಧಾನ. ಈ ಸಮಾಧಾನದ ಬಲ ಎಷ್ಟೆಂದು 2013ರಲ್ಲೇ ಅಳೆದು ನೋಡಲಾಗಿದೆ. 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟವನ್ನು ಹೆಸರಿಲ್ಲದೆ ಪರೀಕ್ಷಿಸಿದ ಸಂಶೋಧಕರಿಗೆ, ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕೇ ನಾಲ್ಕು ಗುರುತುಗಳು 95% ಜನರನ್ನು ಉಳಿದವರಿಂದ ಬೇರ್ಪಡಿಸಲು ಸಾಕಾದವು. ಪ್ರತಿ ರಾತ್ರಿ ಒಂದೇ ಗೇಟಿನ ಮುಂದೆ ನಿಲ್ಲುವ ಕಾರಿಗೆ ನಾಲ್ಕೂ ಬೇಡವೇನೋ.

ಟೊಯೋಟಾದ್ದು ಇನ್ನೂ ದೀರ್ಘ ಕಥೆ. ಜಪಾನಿನಲ್ಲಿ ಅದರ ಸುಮಾರು 21.5 ಲಕ್ಷ ಗ್ರಾಹಕರ ಕಾರಿನ ಜಾಗ, ಸಮಯ, ಚಾಸಿ ಸಂಖ್ಯೆ 2013ರ ನವೆಂಬರ್‌ನಿಂದ 2023ರ ಏಪ್ರಿಲ್‌ವರೆಗೆ ಹೊರಗಿನವರಿಗೂ ಎಟಕುವಂತಿದ್ದವು. ಕಾರಣ, ಕ್ಲೌಡ್‌ನ ಸೆಟ್ಟಿಂಗ್ ತಪ್ಪಿದ್ದು. ಹತ್ತಿರ ಹತ್ತಿರ ಹತ್ತು ವರ್ಷ ಯಾರೂ ಹೋಗಿ ನೋಡಿರಲಿಲ್ಲ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕೂಡ 2023ರ ಜನವರಿ 1ರಂದು, ಸೇವೆ ಒದಗಿಸುವ ಕಂಪನಿಯೊಂದರ ಕಡೆಯಿಂದ ಕೆಲವು ಗ್ರಾಹಕರ ಮಾಹಿತಿ ಹೊರಬಿದ್ದಿರಬಹುದು ಎಂದು ತಿಳಿಸಿತ್ತು.

ಆದರೆ ಅಟ್ಟದ ಚಾಳಿಗೆ ನಾನು ಕೊಡುವ ಉದಾಹರಣೆ ಅಮೆರಿಕ ಮತ್ತು ಕೆನಡಾದ್ದು. 2021ರಲ್ಲಿ ಫೋಕ್ಸ್‌ವ್ಯಾಗನ್ ಅಲ್ಲಿ 33 ಲಕ್ಷ ಜನರ ಮಾಹಿತಿ ಬಯಲಾದದ್ದನ್ನು ಒಪ್ಪಿಕೊಂಡಿತು. ಬಹುಪಾಲು ಆಡಿಗೆ ಸಂಬಂಧಿಸಿದವರು. ಮಾರಾಟಕ್ಕಾಗಿ 2014ರಿಂದ 2019ರವರೆಗೆ ಕೂಡಿಹಾಕಿದ ಮಾಹಿತಿ ಅದು. ಹೊರಗುತ್ತಿಗೆ ಕಂಪನಿಯೊಂದರ ಬಳಿ ಬೀಗವಿಲ್ಲದೆ ಬಿದ್ದಿತ್ತು. ಸುಮಾರು 90 ಸಾವಿರ ಜನರ ವಿಷಯದಲ್ಲಿ ಚಾಲನಾ ಪರವಾನಗಿಯ ಸಂಖ್ಯೆಯಂಥ ಸೂಕ್ಷ್ಮ ವಿವರವೂ ಇತ್ತು. ಪಟ್ಟಿಯಲ್ಲಿದ್ದವರೆಲ್ಲ ಕಾರು ಕೊಂಡವರಲ್ಲ. ಸುಮ್ಮನೆ ಆಸಕ್ತಿ ತೋರಿಸಿದವರೂ ಇದ್ದರು.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಂಗ್ರಹಿಸಿದ ಉದ್ದೇಶ ತೀರಿದ ಮೇಲೆ ಮಾಹಿತಿಯನ್ನು ಅಳಿಸಬೇಕು, ಬೇರೆ ಕಾನೂನು ಇಟ್ಟುಕೊಳ್ಳಿ ಎಂದಿದ್ದರೆ ಮಾತ್ರ ಬೇರೆ ಮಾತು. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಆದರೆ ಉದ್ದೇಶ ತೀರಿತು ಎಂದು ಮೊದಲು ಲೆಕ್ಕ ಹಾಕುವವರು ಕಂಪನಿಯವರೇ.

ನಾನು ಹಳೆಯ ಕಾರು ಮಾರಿ ನಾಲ್ಕು ವರ್ಷವಾಯಿತು. ಆ ಸರ್ವೀಸ್ ಸೆಂಟರಿನಿಂದ ಈಗಲೂ ಆರು ತಿಂಗಳಿಗೊಮ್ಮೆ ಫೋನ್ ಬರುತ್ತದೆ: "ಸರ್, ನಿಮ್ಮ ಗಾಡಿ ಸರ್ವೀಸ್‌ಗೆ ಬಂದಿದೆ." ಮಾರಿಬಿಟ್ಟೆ ಕಣಮ್ಮ ಎನ್ನುತ್ತೇನೆ. "ಸರಿ ಸರ್, ಅಪ್‌ಡೇಟ್ ಮಾಡ್ತೀವಿ" ಎನ್ನುತ್ತಾಳೆ ಆ ಹುಡುಗಿ.